ಹಳೆ ಟ್ರ್ಯಾಕ್ಟರಿನ ಡೀಸೆಲ್ ಲೈನ್ ಸಾಮಾನು: ಯಾವುದಕ್ಕೆ ರೊಕ್ಕ ಹಾಕಬೇಕು, ಯಾವುದಕ್ಕೆ ಬೇಡ

ಕುಂಟಿ ಹೊಡೆಯುವಾಗ ಸರಿಯಾಗಿಯೇ ಇದ್ದ ಗಾಡಿ, ರೋಟಾವೇಟರ್ ನೆಲಕ್ಕಿಳಿಸಿದ ಕೂಡಲೇ ಉಬ್ಬಸ ಹತ್ತಿದಂತೆ ಏದುತ್ತದೆ. ಇಲ್ಲವೇ ಬೆಳಿಗ್ಗೆ ಸ್ಟಾರ್ಟರ್ ತಿರುಗಿ ತಿರುಗಿ ಬ್ಯಾಟರಿ ಇಳಿಯುತ್ತದೆ. ಇಲ್ಲವೇ ಅರ್ಧ ಎಕರೆ ಮುಗಿಸಿ ನಡುಹೊಲದಲ್ಲಿ ನಿಲ್ಲುತ್ತದೆ. ಅಕ್ಕಲಕೋಟೆ, ದುಧನಿ, ಮೈಂದರ್ಗಿ ಕಡೆ ಇರಲಿ, ಜತ್ತ, ಸಂಖ, ಉಮದಿ ಕಡೆ ಇರಲಿ, ಕಟ್ಟೆಯ ಮೇಲೆ ಸಿಗುವ ಮೊದಲ ತೀರ್ಪು ಒಂದೇ: "ಪಂಪ್ ಹೋಗೇತ್ರಿ, ಬಿಚ್ಚಿ ಒಯ್ರಿ." ಮೇನ್ ಪಂಪ್ ಬಿಚ್ಚಿ ಸೊಲ್ಲಾಪುರಕ್ಕೋ ಸಾಂಗಲಿಗೋ ಒಯ್ದು ಪರೀಕ್ಷೆಯ ಬೆಂಚಿಗೆ ಹಾಕಿಸುವುದು ಸಾವಿರಗಳ ಲೆಕ್ಕದ ಕೆಲಸ, ಮೂರು ದಿನ ಗಾಡಿ ಬಂದ್. ಆದರೆ ಡೀಸೆಲ್ ಸಾಲದೆ ಸಾಯುವ ಹಳೆ ಗಾಡಿಗಳಲ್ಲಿ ತಪ್ಪು ಇರುವುದು ಹೆಚ್ಚಾಗಿ ಟಾಕಿಯ ಮುಚ್ಚಳದಿಂದ ಫೀಡ್ ಪಂಪ್ ತನಕದ ಐದಾರು ಅಡಿ ದಾರಿಯಲ್ಲಿ. ಆ ದಾರಿಗೆ ಬೇಕಾದ ಸಾಮಾನು ನೂರರ ಲೆಕ್ಕದಲ್ಲಿ ಸಿಗುತ್ತದೆ. ಅದರಲ್ಲಿ ಅರ್ಧ ಒಳ್ಳೆಯದು, ಇನ್ನರ್ಧ ಹೊಸ ತೊಂದರೆ ತರುವಂಥದ್ದು. ಈ ವಿಮರ್ಶೆ ಅದರ ಕುರಿತು. ಬೆಂಚ್ ಕೆಲಸದ ಮಾತು ಕೊನೆಗೆ.

ಮೊದಲಿಗೆ ಒಂದು ಗೊಂದಲ. ಈ ಭಾಗದಲ್ಲಿ 'ಪಂಪ್' ಅಂದರೆ ಮೂರು. ಡೀಸೆಲ್ ಹಾಕಿಸುವ ಬಂಕೂ ಪಂಪ್, ಟಾಕಿಯಿಂದ ಎಣ್ಣೆ ಎಳೆಯುವ ಫೀಡ್ ಪಂಪೂ ಪಂಪ್, ಸಿಲಿಂಡರಿಗೆ ಚಿಮ್ಮಿಸುವ ನಾಜಲ್‌ಗೆ ಎಣ್ಣೆ ಒತ್ತಿ ಕಳಿಸುವ ಮೇನ್ ಪಂಪೂ ಪಂಪ್. ಅಂಗಡಿಯಲ್ಲಿ ಬರೇ "ಪಂಪ್ ಕಿಟ್ ಕೊಡಿ" ಅಂದರೆ ಬೇರೆಯದೇ ಡಬ್ಬಿ ಕೈಗೆ ಬರುತ್ತದೆ. ಹಳೆಯ ಸಾಮಾನು ಕೈಯಲ್ಲಿ ಹಿಡಿದು ಹೋಗುವುದೇ ಸರಿ. ಒಂದೇ ಮಾಡೆಲ್ ಆದರೂ ವರ್ಷಕ್ಕೊಂದು ತರದ ಪಂಪ್ ಬಂದಿರುತ್ತದೆ, ಮೇಲಾಗಿ ಇಪ್ಪತ್ತು ವರ್ಷದಲ್ಲಿ ಯಾವ ಫಿಟ್ಟರ್ ಯಾವ ಗಾಡಿಯದನ್ನು ಇದಕ್ಕೆ ಕೂರಿಸಿದ್ದಾನೋ ಹೇಳಲಾಗದು.

ರೊಕ್ಕ ಬಿಚ್ಚುವ ಮೊದಲು ಮೂರು ಪರೀಕ್ಷೆ. ಮೂರಕ್ಕೂ ಖರ್ಚಿಲ್ಲ.

ಒಂದು, ಹೊಗೆ. ಸ್ಟಾರ್ಟರ್ ಹೊಡೆಯುವಾಗ ಸೈಲೆನ್ಸರ್‌ನಿಂದ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದೂ ಗಾಡಿ ಹಿಡಿಯದಿದ್ದರೆ ಡೀಸೆಲ್ ಮುಟ್ಟುತ್ತಿದೆ, ಸುಡುತ್ತಿಲ್ಲ. ಅದು ಕಂಪ್ರೆಷನ್ ಇಲ್ಲವೇ ಟೈಮಿಂಗ್ ಮಾತು. ಲೋಡಿನಲ್ಲಿ ಕರಿ ಹೊಗೆ ಉಗುಳಿ ಸೋಲುವ ಗಾಡಿಗೆ ಡೀಸೆಲ್ ಕಮ್ಮಿ ಬಿದ್ದಿಲ್ಲ, ಗಾಳಿ ಕಮ್ಮಿ ಬಿದ್ದಿದೆ ಅಥವಾ ನಾಜಲ್ ಸುರಿಯುತ್ತಿದೆ. ಮೊದಲು ಏರ್ ಕ್ಲೀನರ್ ತೆಗೆದು ನೋಡಿ. ಹೊಗೆಯೂ ಇಲ್ಲ, ಶಕ್ತಿಯೂ ಇಲ್ಲ, ದನಿ ಮಾತ್ರ ಇಳಿಯುತ್ತಾ ಹೋಗುತ್ತದೆ ಅಂದರೆ ಇಲ್ಲಿ ಹೇಳುವ ಸಾಮಾನು ನಿಮಗೆ ಬೇಕಾದದ್ದು.

ಎರಡು, ಡೀಸೆಲ್ ಕಡಿದು ಗಾಡಿ ಬಂದ್ ಮಾಡುವ ತಂತಿ. ಎಳೆದಾಗ ಹೋದ ಲಿವರ್ ಬಿಟ್ಟಾಗ ಪೂರ್ತಿ ವಾಪಸ್ ಬರುತ್ತದೆಯೇ ಎಂದು ಪಂಪಿನ ಹತ್ತಿರ ಕೂತು ಕಣ್ಣಾರೆ ನೋಡಬೇಕು. ಸೀಟಿನ ಮೇಲಿಂದ ಗುಂಡಿ ಒಳಗೆ ಹೋದದ್ದು ಕಂಡರೆ ಸಾಲದು, ತಂತಿ ತುಕ್ಕು ಹಿಡಿದು ನಡುವೆಯೇ ಮಡಚಿಕೊಂಡಿರುತ್ತದೆ. ಮಳೆಗಾಲ ಪೂರ್ತಿ ನಿಂತ ಗಾಡಿಯಲ್ಲಿ ಇದು ದಿನನಿತ್ಯದ ಕಾಯಿಲೆ.

ಮೂರು, ಟಾಕಿಯ ಮುಚ್ಚಳ. ಒಳಗಿನ ರಬ್ಬರ್ ಹೋದ ಮೇಲೆ ಹಾಲಿನ ಪಾಕೀಟು ಕತ್ತರಿಸಿ ಬಾಯಿಗೆ ಹಾಕಿ ಮೇಲೆ ಮುಚ್ಚಳ ತಿರುವಿಬಿಡುತ್ತಾರೆ. ಮಳೆ ನೀರು ನಿಂತೀತು, ನಿಜ. ಹವಾ ಹೋಗುವ ತೂತೂ ಅದರ ಜೊತೆಗೇ ಮುಚ್ಚಿತು. ಡೀಸೆಲ್ ಖರ್ಚಾದಷ್ಟು ಹವಾ ಟಾಕಿಗೆ ಬರಬೇಕು. ಬರದಿದ್ದರೆ ಒಳಗೆ ಎಳೆತ ಹುಟ್ಟಿ ಫೀಡ್ ಪಂಪ್ ಎಷ್ಟು ಎಳೆದರೂ ಎಣ್ಣೆ ಬಾರದು. ಗಾಡಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಚಹಾ ಕುಡಿದು ಬಂದರೆ ಮತ್ತೆ ಹಿಡಿಯುತ್ತದೆ. ನಿಂತ ಕೂಡಲೇ ಮುಚ್ಚಳ ತಿರುವಿ ಕಿವಿಗೊಡಿ: 'ಸುಸ್' ಅಂತ ಹವಾ ಒಳಗೆ ಎಳೆದುಕೊಂಡರೆ ಕಳ್ಳ ಸಿಕ್ಕ. ಮುಚ್ಚಳದ ತೂತಿಗೆ ಸೂಜಿ ಆಡಿಸಿ, ಪಾಕೀಟು ಬಿಸಾಕಿ, ಹೊಸ ಮುಚ್ಚಳ ತನ್ನಿ. ಈ ಲೇಖನದ ಅತ್ಯಂತ ಅಗ್ಗದ ಶಿಫಾರಸು ಇದೇ.

ಇನ್ನು ಸಾಮಾನಿಗೆ ಬರೋಣ.

ಪಾರದರ್ಶಕ ಪೈಪ್, ಒಂದು ಅಡಿ. ಒಳ ಅಳತೆ 8 ಎಂಎಂ, ಜೊತೆಗೆ ಎರಡು ಕ್ಲಾಂಪ್. ಗೇಜ್, ಮೀಟರ್ ಎಂದು ದೊಡ್ಡ ಮಾತಾಡುವ ಉಪಕರಣಗಳಿಗಿಂತ ಇದು ಹೆಚ್ಚು ಹೇಳುತ್ತದೆ. ಫೀಡ್ ಪಂಪಿನಿಂದ ಫಿಲ್ಟರಿಗೆ ಹೋಗುವ ದಾರಿಯಲ್ಲಿ ಹಾಕಿ ಗಾಡಿ ಚಾಲೂ ಮಾಡಿ, ಬೆಳಕಿಗೆ ಹಿಡಿದು ನೋಡಬೇಕು. ಮೊದಲ ಒಂದೆರಡು ನಿಮಿಷ ಗುಳ್ಳೆ ಬರುವುದು ಸಹಜ, ಪೈಪ್ ಬಿಚ್ಚಿದಾಗ ಹೋದ ಹವಾ ಅದು. ಆಮೇಲೂ ಸೋಡಾ ಬಾಟ್ಲಿಯ ಹಾಗೆ ಸಣ್ಣ ನೊರೆ ನಿಲ್ಲದೆ ಬರುತ್ತಿದ್ದರೆ, ಫೀಡ್ ಪಂಪಿನ ಹಿಂದೆ, ಟಾಕಿ ಕಡೆಗೆ, ಎಲ್ಲೋ ವಾಷರ್ ಅಥವಾ ಪೈಪ್ ಹವಾ ಎಳೆಯುತ್ತಿದೆ. ಆಗಾಗ ಒಂದು ದಪ್ಪ ಗುಳ್ಳೆ ತೇಲಿ ಬಂದು, ಅದೇ ಹೊತ್ತಿಗೆ ಎಂಜಿನ್ ದನಿ ತಗ್ಗಿದರೆ, ಟಾಕಿಯಲ್ಲಿ ಡೀಸೆಲ್ ತಳಕ್ಕಿಳಿದಿದೆ ಅಥವಾ ಟಾಕಿಯ ಕೆಳಗಿನ ಕಾಕ್‌ನ (ನಲ್ಲಿಯ) ಜಾಲರಿಗೆ ಏನೋ ಅಂಟಿದೆ. ಗುಳ್ಳೆಯೇ ಇಲ್ಲ, ಆದರೆ ಲೋಡ್ ಹಾಕಿದಾಗ ಪೈಪಿನಲ್ಲಿ ಎಣ್ಣೆಯ ಓಟ ಸೊರಗುತ್ತದೆ ಅಂದರೆ ಅಡ್ಡಿ ಇರುವುದು ಟಾಕಿ, ಕಾಕ್, ಪೈಪು, ಫೀಡ್ ಪಂಪಿನ ವಾಲ್ವು ಇಲ್ಲವೇ ಕಟ್ಟಿದ ಫಿಲ್ಟರಿನಲ್ಲಿ.

ಹವಾ ಎಳೆಯುವ ಜಾಗದಲ್ಲಿ ಡೀಸೆಲ್ ತೊಟ್ಟಿಕ್ಕುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಎಂಜಿನ್ ಓಡುವಾಗ ಅಲ್ಲಿ ಎಳೆತವಿರುತ್ತದೆ, ಹೊರಗಿನ ಹವಾ ಒಳಗೆ ಹೋಗುತ್ತದೆಯೇ ಹೊರತು ಒಳಗಿನ ಎಣ್ಣೆ ಹೊರಗೆ ಬಾರದು. "ಎಲ್ಲೂ ಸೋರ್ತಾ ಇಲ್ರಿ" ಅನ್ನುವುದು ಸಾಕ್ಷಿಯೇ ಅಲ್ಲ.

ಪೈಪಿನ ದೋಷವನ್ನೂ ಹೇಳಬೇಕು. ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪ್ ಡೀಸೆಲ್ ಕುಡಿದು ಕೆಲವೇ ವಾರದಲ್ಲಿ ಹಳದಿ ತಿರುಗಿ ಕಟ್ಟಿಗೆಯಾಗುತ್ತದೆ, ಕ್ಲಾಂಪ್ ಹತ್ತಿರ ಸೀಳುತ್ತದೆ. ಹೀಗಾಗಿ ಇದು ಪರೀಕ್ಷೆಯ ಸಾಮಾನು, ಗಾಡಿಯ ಭಾಗವಲ್ಲ. ನೋಡಿ ಆದ ಮೇಲೆ ತೆಗೆದು ಡೀಸೆಲ್ ರಬ್ಬರ್ ಪೈಪ್ ಹಾಕಿ. ತೀರ್ಪು: ಎಲ್ಲ ಹಳೆ ಗಾಡಿಯ ಟೂಲ್ ಬಾಕ್ಸಿನಲ್ಲೂ ಇರಬೇಕು.

ಇದರ ಜೊತೆಗೇ ಇನ್ನೊಂದು ಅಳತೆ. ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ ಒಂದು ಲೀಟರ್ ನೀರಿನ ಬಾಟ್ಲಿಗೆ ಬಿಡಿ, ಕಾಕ್ ಪೂರ್ತಿ ತೆರೆಯಿರಿ. 35 ಎಚ್‌ಪಿಯ ಎಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಏಳೆಂಟು ಲೀಟರ್ ಸುಡುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 130 ಮಿಲಿ. ಮೇಲಾಗಿ ಉಳಿದ ಎಣ್ಣೆಯನ್ನು ಟಾಕಿಗೆ ಒಯ್ಯುವ ರಿಟರ್ನ್ ಪೈಪಿಗೆ ಹೋಗುವಷ್ಟು ಹೆಚ್ಚುವರಿ ಬೇಕು. ಬಾಟ್ಲಿ ಮೂರು ನಿಮಿಷದೊಳಗೆ ತುಂಬಿದರೆ ಟಾಕಿಯ ಕಡೆ ಚಿಂತೆಯಿಲ್ಲ. ನೂಲಿನಂತೆ ಸುರಿದರೆ ಕಾಕ್ ಬಿಚ್ಚಿ ಜಾಲರಿ ನೋಡಿ. ಚೆನ್ನಾಗಿ ಸುರಿದು, ಅರ್ಧ ಬಾಟ್ಲಿಗೆ ನಿಂತು, ಕಾಕ್ ಅಲ್ಲಾಡಿಸಿದರೆ ಮತ್ತೆ ಸುರಿದರೆ ಟಾಕಿಯೊಳಗೆ ತೇಲಾಡುವ ವಸ್ತು ಇದೆ: ತೊಗರಿ ಎಲೆ, ಕ್ಯಾನಿನ ಮುಚ್ಚಳದ ಚೂರು, ಒರೆಸಿದ ಅರಿವೆಯ ತುಂಡು. ಪೈಪಿಗೆ ಹವಾ ಊದಿದರೆ ಅದು ಹಿಂದೆ ಹೋಗಿ ಗಾಡಿ ಚಾಲೂ ಆಗುತ್ತದೆ, ಮರುದಿನ ಅದೇ ಕಥೆ. ಟಾಕಿ ಇಳಿಸಿ ತೊಳೆಯುವುದೊಂದೇ ದಾರಿ.

ತಾಮ್ರದ ವಾಷರ್ ಪಾಕೀಟು. 12, 14 ಎಂಎಂ ಬ್ಯಾಂಜೋ ಬೋಲ್ಟಿಗೆ (ಪೈಪಿನ ಉಂಗುರ ಹಿಡಿಯುವ, ಒಳಗೆ ಎಣ್ಣೆಯ ತೂತಿರುವ ಬೋಲ್ಟ್) ಬರುವವು ಹೆಚ್ಚು ಇರುವ ಪಾಕೀಟು ತಗೊಳ್ಳಿ. ಒಂದು ಬ್ಯಾಂಜೋಗೆ ಎರಡು ವಾಷರ್ ಬೇಕು, ಮೇಲೊಂದು ಕೆಳಗೊಂದು. ಒಂದನ್ನೇ ಬದಲಿಸಿ ಕೈ ತೊಳೆದುಕೊಳ್ಳುವುದು ನಮ್ಮ ಕಡೆಯ ಚಾಳಿ. ಹಳೆಯದನ್ನೇ ಹಾಕುವ ಪ್ರಸಂಗ ಬಂದರೆ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗುತ್ತದೆ, ಮತ್ತೊಮ್ಮೆ ಕೂರುತ್ತದೆ. ಅಲ್ಯುಮಿನಿಯಂ ವಾಷರ್ ಒಮ್ಮೆ ಕೂತರೆ ಮುಗಿಯಿತು, ಎರಡನೇ ಸಲ ಹಾಕಬೇಡಿ.

ಟೆಫ್ಲಾನ್ ಟೇಪ್ ಮಾತ್ರ ಡೀಸೆಲ್ ಲೈನಿನ ಹತ್ತಿರ ತರಬೇಡಿ. ಬ್ಯಾಂಜೋ ಸೀಲ್ ಆಗುವುದು ವಾಷರಿನ ಮೇಲೆ, ಚೂಡಿಯ ಮೇಲಲ್ಲ. ಟೇಪಿನಿಂದ ಏನೂ ಸೀಲ್ ಆಗದು, ಅದರ ಎಳೆ ಹರಿದು ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಂ-ಸೀಲ್ ಹಚ್ಚಿದ ಪೈಪ್ ಮನೆ ಮುಟ್ಟಿಸುತ್ತದೆ, ಹಂಗಾಮು ಮುಟ್ಟಿಸುವುದಿಲ್ಲ.

ಇಲ್ಲಿ ಹಳೆ ರಬ್ಬರಿನ ಮಾತೂ ಸೇರಿಸಬೇಕು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಂಕಿನಲ್ಲಿ ಬರುವುದು ಬಿಎಸ್-6 ಡೀಸೆಲ್, ಗಂಧಕ ಹೆಚ್ಚೆಂದರೆ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಪಾಲು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಉಳಿದ ಗುಣವೂ ಸ್ವಲ್ಪ ಬದಲಾಗುತ್ತದೆ. ಹಳೆ ಎಣ್ಣೆಯಲ್ಲಿ ವರ್ಷಗಟ್ಟಲೆ ಉಬ್ಬಿ ಕೂತಿದ್ದ ನೈಟ್ರೈಲ್ ರಬ್ಬರಿನ ಸೀಲು ಹೊಸ ಎಣ್ಣೆಯಲ್ಲಿ ಕುಗ್ಗುತ್ತದೆ, ಗಟ್ಟಿಯಾಗಿದ್ದರೆ ಬಿಗಿ ಬಿಟ್ಟುಕೊಡುತ್ತದೆ. ತೊಂಬತ್ತರ ದಶಕದ ಗಾಡಿಯಲ್ಲಿ ಮೂಲ ಸೀಲು, ಮೂಲ ಪೈಪು ಇನ್ನೂ ಇದ್ದರೆ ಸೋರಲಿ ಬಿಡಲಿ ಬದಲಿಸಿಬಿಡಿ. ಸಿಕ್ಕರೆ ವೈಟಾನ್ ರಬ್ಬರಿನ ಓ-ರಿಂಗ್ ಹಾಕಿ, ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ.

ಫೀಡ್ ಪಂಪ್ ಕಿಟ್. ಮಾರುಕಟ್ಟೆಯಲ್ಲಿ ಎರಡು ಜಾತಿ. ಮೇನ್ ಪಂಪಿನ ಪಕ್ಕಕ್ಕೇ ಕೂತಿರುವ ಪ್ಲಂಜರ್ (ಹಿಂದೆ ಮುಂದೆ ಆಡುವ ಕೊಂತ) ಜಾತಿಯದು ಸಾಲಿನ ಪಂಪ್ ಇರುವ ಗಾಡಿಗೆ, ಅಂದರೆ ಮೇನ್ ಪಂಪಿನಲ್ಲಿ ಪ್ರತಿ ಸಿಲಿಂಡರಿಗೆ ಒಂದೊಂದು ಪ್ಲಂಜರ್ ಸಾಲಾಗಿ ಇರುವುದು. ಹಳಬರು ಇದಕ್ಕೆ 'ಮೈಕೋ ಫೀಡ್' ಅನ್ನುತ್ತಾರೆ. ಬೆಂಗಳೂರಲ್ಲಿ 1951ರಲ್ಲಿ ಶುರುವಾದ ಆ ಕಂಪನಿ 2008ರಿಂದ ಬಾಷ್ ಹೆಸರಲ್ಲೇ ಇದೆ, ಆದರೂ ಕೌಂಟರಿನ ಮೇಲೆ ಮೈಕೋ ಅಂದರೇ ತಿಳಿಯುವುದು. ಇನ್ನೊಂದು ಡಯಾಫ್ರಾಮ್ (ರಬ್ಬರ್ ಪೊರೆ) ಜಾತಿ, ಎಂಜಿನ್ ಬಾಡಿಗೆ ನೇರ ಕೂತು ಕ್ಯಾಮಿನಿಂದ ಓಡುವುದು. ಡಿಪಿಎ ರೋಟರಿ ಪಂಪ್ (ತಿರುಗುವ ಒಂದೇ ರೋಟರ್ ಎಲ್ಲ ಸಿಲಿಂಡರಿಗೂ ಎಣ್ಣೆ ಹಂಚುವ ಮೇನ್ ಪಂಪ್) ಇರುವ ಗಾಡಿಗಳಲ್ಲಿ ಇದು ಸಾಮಾನ್ಯ.

ಪ್ಲಂಜರ್ ಜಾತಿಯದರಲ್ಲಿ ಕೆಡುವುದು ಹೆಚ್ಚಾಗಿ ಎರಡು ವಾಲ್ವ್. ಉಗುರಿನಷ್ಟು ದೊಡ್ಡ ಬಿಲ್ಲೆ, ಅದರ ಮೇಲೊಂದು ಸಣ್ಣ ಸ್ಪ್ರಿಂಗ್. ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ಕೂರುವ ಜಾಗದಲ್ಲಿ ಉಂಗುರದ ಹಾಗೆ ಗೀರು ಕಾಣುತ್ತದೆ. ಉಗುರಿಗೆ ತಾಗುವಷ್ಟು ಆಳವಾಗಿದ್ದರೆ ವಾಲ್ವ್ ಹಿಡಿಯುತ್ತಿಲ್ಲ. ಎಷ್ಟೋ ಸಲ ಬಿಲ್ಲೆ ಸರಿ ಇದ್ದು, ಕೆಳಗೆ ಒರೆಸುವ ಅರಿವೆಯ ಒಂದೇ ಒಂದು ಎಳೆ ಸಿಕ್ಕಿಕೊಂಡಿರುತ್ತದೆ. ಆ ಎಳೆ ಇದ್ದಷ್ಟೂ ದಿನ ರಾತ್ರಿ ಡೀಸೆಲ್ ನಿಧಾನಕ್ಕೆ ಟಾಕಿಗೆ ಇಳಿದು, ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಗಾಡಿ ಸತಾಯಿಸುತ್ತದೆ, ಒಮ್ಮೆ ಹಿಡಿದರೆ ಇಡೀ ದಿನ ಸುಮ್ಮನಿರುತ್ತದೆ. ಪಂಪ್ ಬಿಚ್ಚುವ ಮೊದಲು ಸುಲಭದ ಪರೀಕ್ಷೆ: ಒಳಬರುವ ಬಾಯಿಗೆ ಹೆಬ್ಬೆರಳು ಒತ್ತಿ ಫೀಡ್ ಪಂಪಿನ ಮೇಲಿನ ಕೈಪಂಪ್ (ಕೈಯಿಂದ ಎಣ್ಣೆ ತುಂಬಿಸುವ ಗುಂಡಿ) ಎರಡು ಮೂರು ಸಲ ಎಳೆಯಿರಿ. ಬೆರಳನ್ನು ಎಳೆದು ಹಿಡಿದರೆ, ಕೆಲ ಸೆಕೆಂಡು ಬಿಡದಿದ್ದರೆ ವಾಲ್ವ್ ಚೆನ್ನಾಗಿದೆ.

ಕಿಟ್‌ನಲ್ಲಿ ಎರಡು ವಾಲ್ವ್, ಸ್ಪ್ರಿಂಗ್, ಓ-ರಿಂಗ್, ವಾಷರ್ ಇರುತ್ತವೆ. ಇಷ್ಟಕ್ಕೆ ಸ್ಥಳೀಯ ಕಿಟ್ ಆದರೂ ನಡೆಯುತ್ತದೆ, ಒಂದೇ ಷರತ್ತು: ಸ್ಪ್ರಿಂಗನ್ನು ಹಳೆಯದರ ಪಕ್ಕ ನಿಲ್ಲಿಸಿ ಎತ್ತರ ನೋಡಿ. ಕುಳ್ಳಗಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಿ. ಆದರೆ ಕಿಟ್‌ನಿಂದ ಸರಿಯಾಗದ ರೋಗ ಒಂದಿದೆ, ಸ್ಪಿಂಡಲ್ ಸವೆತ. ಪ್ಲಂಜರನ್ನು ತಳ್ಳುವ ಆ ಕಡ್ಡಿ ತನ್ನ ತೂತಿನಲ್ಲಿ ಸಡಿಲಾದರೆ ಡೀಸೆಲ್ ಮೇನ್ ಪಂಪಿನ ಕ್ಯಾಮ್ ಪೆಟ್ಟಿಗೆಗೆ ಇಳಿಯುತ್ತದೆ. ಆ ಪೆಟ್ಟಿಗೆಯ ಆಯಿಲ್ ಲೆವೆಲ್ ಏರಿದ್ದರೆ, ಬೆರಳಿಗೆ ನೀರಾಗಿ ಹತ್ತಿದರೆ, ಕಿಟ್‌ಗೆ ರೊಕ್ಕ ಹಾಕುವುದು ದಂಡ. ಪೂರ್ತಿ ಫೀಡ್ ಪಂಪನ್ನೇ ತಗೊಳ್ಳಿ, ಅದೂ ಕಂಪನಿಯದು. ಇಲ್ಲಿ ಉಳಿಸುವ ರೊಕ್ಕ ಕ್ಯಾಮಿನ ಮೇಲೆ ಬಡ್ಡಿ ಸಮೇತ ಹೋಗುತ್ತದೆ.

ಡಯಾಫ್ರಾಮ್ ಜಾತಿಯಲ್ಲಿ ರಬ್ಬರ್ ಹರಿದರೆ ಡೀಸೆಲ್ ನೇರ ಎಂಜಿನ್ ಆಯಿಲಿಗೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮೇಲಿನ ಗೀಟು ದಾಟಿದ್ದರೆ, ಡೀಸೆಲ್ ವಾಸನೆ ಹೊಡೆದರೆ, ಅಲ್ಲಿಂದ ಮುಂದೆ ಒಂದು ನಿಮಿಷವೂ ಓಡಿಸಬೇಡಿ, ಬೇರಿಂಗ್ ಹೋಗುತ್ತವೆ. ರಬ್ಬರ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ. ಈ ಕಿಟ್ ಹಾಕುವಲ್ಲಿ ಬಹುತೇಕರು ಮಾಡುವ ತಪ್ಪು: ರಬ್ಬರನ್ನು ಸಡಿಲ ಇಟ್ಟು ಸುತ್ತಲಿನ ಸ್ಕ್ರೂ ಬಿಗಿಯುವುದು. ಸ್ಕ್ರೂ ಕೈಯಿಂದ ಹಿಡಿಸಿ, ಲಿವರ್ ಪೂರ್ತಿ ಒತ್ತಿ ರಬ್ಬರನ್ನು ಕೆಳಗೆಳೆದು ಹಿಡಿದು, ಆ ಸ್ಥಿತಿಯಲ್ಲೇ ಎದುರುಬದುರು ಬಿಗಿಯಬೇಕು. ಹಾಗೆ ಮಾಡದಿದ್ದರೆ ಮೊದಲ ಪೂರ್ತಿ ಎಳೆತಕ್ಕೇ ಅಂಚು ಹರಿಯುತ್ತದೆ, "ಡುಪ್ಲಿಕೇಟ್ ಕಿಟ್ ಕೊಟ್ಟ" ಎಂದು ಅಂಗಡಿಯವನ ಮೇಲೆ ಜಗಳ. ಇನ್ನೊಂದು: ಕೈ ಲಿವರ್ ಸಡಿಲವಾಗಿ ಆಡಿ ಏನೂ ಎಳೆಯದಿದ್ದರೆ ಪಂಪ್ ಕೆಟ್ಟಿತೆಂದು ತಿಳಿಯಬೇಡಿ. ಕ್ಯಾಮಿನ ಉಬ್ಬು ಆ ಹೊತ್ತಿಗೆ ಲಿವರನ್ನು ತಳ್ಳಿ ಹಿಡಿದಿರುತ್ತದೆ, ಎಂಜಿನ್ ಒಂದು ಸುತ್ತು ತಿರುವಿ ಮತ್ತೆ ನೋಡಿ.

ಫಿಲ್ಟರ್. ಎರಡು ಡಬ್ಬಿ ಇರುವ ಗಾಡಿಯಲ್ಲಿ ಮೊದಲನೆಯದು ಅರಿವೆಯದು, ಎರಡನೆಯದು ಕಾಗದದ್ದು. ಅರಿವೆಯದನ್ನು ಶುದ್ಧ ಡೀಸೆಲ್ಲಿನಲ್ಲಿ ತೊಳೆದು ಮತ್ತೆ ಹಾಕಬಹುದು. ಕಾಗದದ್ದನ್ನು ತೊಳೆದರೆ, ಹವಾ ಹೊಡೆದರೆ, ಕಾಗದದ ಸಂದು ಬಾಯಿಬಿಟ್ಟು ಧೂಳಿಗೆ ಹೆದ್ದಾರಿಯಾಗುತ್ತದೆ. ಮೇನ್ ಪಂಪಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ತಲೆಗೂದಲಿನ ದಪ್ಪ 70 ಮೈಕ್ರಾನಿನ ಆಸುಪಾಸು. ಅಲ್ಲಿಗೆ ಹೋಗುವ ಎಣ್ಣೆಯ ಕಾವಲು ಈ ಕಾಗದ ಮಾತ್ರ.

ಅಗ್ಗದ ಫಿಲ್ಟರ್ ಗುರುತಿಸಲು ಮೂರು ಜಾಗ ನೋಡಿ. ಕಾಗದದ ಮಡಿಕೆ ಕಂಪನಿಯದಕ್ಕಿಂತ ವಿರಳವಾಗಿರುತ್ತದೆ. ಮಡಿಕೆ ಕೂಡುವ ಹೊಲಿಗೆಯಲ್ಲಿ ಅಂಟು ಅಲ್ಲಲ್ಲಿ ಬಿಟ್ಟಿರುತ್ತದೆ, ಒಳಗೆ ಮೊಬೈಲ್ ಬೆಳಕು ಹಾಕಿದರೆ ಗೀರಾಗಿ ಕಾಣುತ್ತದೆ. ನಡುವಿನ ರಬ್ಬರ್ ಸೆಂಟರ್ ಬೋಲ್ಟನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಈ ಮೂರನೆಯದೇ ಹೆಚ್ಚು ಅಪಾಯ: ಎಣ್ಣೆ ಕಾಗದದ ಮೂಲಕ ಹೋಗದೆ ರಬ್ಬರಿನ ಪಕ್ಕದಿಂದ ನುಸುಳುತ್ತದೆ, ಫಿಲ್ಟರ್ ತಿಂಗಳುಗಟ್ಟಲೆ ಸ್ವಚ್ಛ ಕಾಣುತ್ತದೆ, ಮಾಲೀಕ ಖುಷಿಯಾಗಿರುತ್ತಾನೆ. ಇದರಲ್ಲಿ ರೊಕ್ಕ ಉಳಿಸಲು ಹೋಗಬೇಡಿ. ಹೊಸದು ಹಾಕುವಾಗ ಡಬ್ಬಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಬೇಡಿ. ಸೋಸದ ಎಣ್ಣೆ ಕಾಗದದ ಆಚೆ ಬದಿಗೆ ಬಿದ್ದರೆ ನೇರ ಮೇನ್ ಪಂಪಿಗೆ ಹೋಗುತ್ತದೆ. ಕೈಪಂಪಿನಿಂದಲೇ ತುಂಬಿಸಿ, ಕೈ ನೋಯಲಿ.

ಕೈಪಿಡಿಯಲ್ಲಿ ಹೇಳಿದ ಗಂಟೆ ಲೆಕ್ಕ ಬಂಕಿನಿಂದ ನೇರ ಟಾಕಿಗೆ ಬಿದ್ದ ಎಣ್ಣೆಗೆ. ಊರಿಗೆ ಕ್ಯಾನಿನಲ್ಲಿ ತಂದು ಸುರಿಯುವವರು ಅದರ ಅರ್ಧಕ್ಕೇ ಬದಲಿಸುವುದು ಒಳ್ಳೆಯದು. ಡೀಸೆಲ್ ಇಡಲು ಸತುವಿನ ಲೇಪದ ತಗಡಿನ ಡಬ್ಬಿ ಬೇಡ, ಸತು ಡೀಸೆಲ್ ಜೊತೆ ಸೇರಿ ಹುಟ್ಟುವ ಅಂಟು ಫಿಲ್ಟರನ್ನು ಕಟ್ಟುತ್ತದೆ.

ಬೈಕಿನ ಪ್ಲಾಸ್ಟಿಕ್ ಇನ್‌ಲೈನ್ ಫಿಲ್ಟರನ್ನು ಟಾಕಿ ಮತ್ತು ಫೀಡ್ ಪಂಪಿನ ನಡುವೆ ಹಾಕುವ ಜುಗಾಡಕ್ಕೆ ಎರಡೇ ಮಾತು. ಒಳಗೆ ಕಾಗದವಿದ್ದರೆ ಬೇಡ, ಎಳೆಯುವ ಬದಿಯಲ್ಲಿ ಅಷ್ಟು ಸಣ್ಣ ಬಾಯಿ ಲೋಡಿಗೆ ಸಾಲದು. ಜಾಲರಿ ಇದ್ದರೆ ಇರಲಿ.

ಗಾಜಿನ ಬಟ್ಟಲಿನ ವಾಟರ್ ಸೆಪರೇಟರ್. ಹಳೆ ಗಾಡಿಗೆ ಹೊರಗಿನಿಂದ ಸೇರಿಸುವ ಸಾಮಾನುಗಳಲ್ಲಿ ಕಣ್ಣು ಮುಚ್ಚಿ ಹೇಳಬಹುದಾದದ್ದು ಇದೊಂದೇ. ನೀರು ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ, ಅರ್ಧ ಬೆರಳು ಕಂಡರೆ ಬಿಟ್ಟುಬಿಡಿ. ಮಳೆಗಾಲದಲ್ಲಿ, ಹಿಂಗಾರಿ ಬಿತ್ತಿಗೆಯ ಚಳಿ ಬೆಳಗುಗಳಲ್ಲಿ ದಿನಾ ನೋಡಬೇಕು. ಅರೆ ಖಾಲಿ ಟಾಕಿಯ ಒಳಗೋಡೆಗೆ ರಾತ್ರಿ ಹನಿ ಕಟ್ಟುತ್ತದೆ. ಸಂಜೆ ಟಾಕಿ ತುಂಬಿಸಿ ನಿಲ್ಲಿಸಿದರೆ ಅಷ್ಟು ನೀರೂ ಆಗದು. ಕೊಳ್ಳುವಾಗ ಬಟ್ಟಲಿನ ಜೊತೆ ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಕೇಳಿ, ಬೇರೆಯಾಗಿ ಆಮೇಲೆ ಸಿಗುವುದು ಕಷ್ಟ.

12 ವೋಲ್ಟಿನ ಕರೆಂಟ್ ಪಂಪ್. ಮುಷ್ಟಿಯಷ್ಟು ದೊಡ್ಡ ಚೌಕಾಕಾರದ್ದು, 'ಟಕ ಟಕ' ಅನ್ನುತ್ತದೆ. ಫೀಡ್ ಪಂಪಿನ ರಗಳೆಯೇ ಬೇಡ ಎಂದು ಮಾರುತ್ತಾರೆ. ಡಯಾಫ್ರಾಮ್ ಪಂಪ್ ಇದ್ದ ಜಾಗಕ್ಕೆ ಇದು ಹೇಗೋ ಹೊಂದುತ್ತದೆ, ಎರಡರ ಒತ್ತಡವೂ ಅರ್ಧ ಬಾರ್‌ನ ಒಳಗೇ. ಆದರೆ ಸಾಲಿನ ಪಂಪಿಗೆ ಸಾಲದು. ಅದರ ಗ್ಯಾಲರಿಯಲ್ಲಿ (ಪ್ಲಂಜರುಗಳಿಗೆ ಎಣ್ಣೆ ಕೊಡುವ ಒಳಕೋಣೆ) ಒಂದು ಬಾರ್ ಅಥವಾ ಮೇಲೆ ಒತ್ತಡ ನಿಲ್ಲಬೇಕು, ಇಲ್ಲದಿದ್ದರೆ ಪ್ಲಂಜರ್ ಅರೆಹೊಟ್ಟೆ ತುಂಬಿಕೊಂಡು ಓಡುತ್ತದೆ, ಖಾಲಿ ಓಡಾಟದಲ್ಲಿ ಗೊತ್ತಾಗದೆ ಪಲ್ಟಿ ನೇಗಿಲಿಗೆ ಸೋಲುತ್ತದೆ. ಹಾಕಲೇಬೇಕಿದ್ದರೆ ಚಾವಿಯ ಮೂಲಕ ರಿಲೇ, ನಡುವೆ ಫ್ಯೂಸ್ ಇರಲಿ. ಹಳೆ ಪಂಪ್ ತೆಗೆದ ಜಾಗಕ್ಕೆ ಪ್ಲೇಟ್ ಹಾಕಿ ಗ್ಯಾಸ್ಕೆಟ್ ಕೂರಿಸಿ, ಇಲ್ಲದಿದ್ದರೆ ಎಂಜಿನ್ ಆಯಿಲ್ ಅಲ್ಲಿಂದಲೇ ಹೊರಟುಹೋಗುತ್ತದೆ. ಹಳೆ ಗಾಡಿಯ ಹಿರಿಮೆ ಏನೆಂದರೆ ಬ್ಯಾಟರಿ ಸತ್ತರೂ ತಳ್ಳಿ ಚಾಲೂ ಮಾಡಬಹುದು. ಈ ಪಂಪ್ ಹಾಕಿದ ದಿನ ಆ ಹಿರಿಮೆ ಹೋಯಿತು. ಫಿಟ್ಟರ್ ಕೈಯಲ್ಲಿ ಇದು ಪರೀಕ್ಷೆಯ ಉಪಕರಣವಾಗಿ ಮಾತ್ರ ಬಹಳ ಒಳ್ಳೆಯದು: ಟಾಕಿಯಿಂದ ಪೈಪ್ ಹೊರಡುವ ಬಾಯಿಗೇ ಜೋಡಿಸಿ ಲೈನಿಗೆ ಒತ್ತಡ ಕೊಟ್ಟರೆ ಹವಾ ಎಳೆಯುತ್ತಿದ್ದ ಜಾಗದಲ್ಲಿ ಡೀಸೆಲ್ ಬೆವರುತ್ತದೆ.

ಗ್ಯಾಲರಿ ಒತ್ತಡದ ಮಾತು ಬಂದದ್ದಕ್ಕೆ, ಯಾರೂ ಹುಡುಕದ ಒಂದು ಸಾಮಾನು: ಓವರ್‌ಫ್ಲೋ ವಾಲ್ವ್. ಸಾಲಿನ ಪಂಪಿನಿಂದ ರಿಟರ್ನ್ ಪೈಪ್ ಹೊರಡುವಲ್ಲಿ ಇರುತ್ತದೆ, ನೋಡಲು ಥೇಟ್ ಬ್ಯಾಂಜೋ ಬೋಲ್ಟ್. ಒಳಗೆ ಸ್ಪ್ರಿಂಗ್ ಮತ್ತು ಗೋಲಿ. ಯಾವುದೋ ರಿಪೇರಿಯಲ್ಲಿ ಇದು ಕಳೆದು, ಜಾಗಕ್ಕೆ ಸಾದಾ ಬ್ಯಾಂಜೋ ಬಂದು ಕೂತಿರುತ್ತದೆ. ಫೀಡ್ ಪಂಪ್ ಹೊಸದು, ಫಿಲ್ಟರ್ ಹೊಸದು, ಹವಾ ಇಲ್ಲ, ಆದರೂ ಗಾಡಿಗೆ ದಮ್ಮಿಲ್ಲ; ಎಣ್ಣೆಯೆಲ್ಲ ಆರಾಮಾಗಿ ಟಾಕಿಗೆ ವಾಪಸ್ ಹೋಗುತ್ತಿರುತ್ತದೆ. ಬಿಚ್ಚಿ ಬಾಯಿಯಿಂದ ಊದಿ: ಸಲೀಸಾಗಿ ಊದಿದರೆ ಅದು ವಾಲ್ವ್ ಅಲ್ಲ, ಅಥವಾ ಸ್ಪ್ರಿಂಗ್ ಸತ್ತಿದೆ.

ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಹವಾ ತೆಗೆಯಬೇಕು. ಟಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಮೊದಲು ಫಿಲ್ಟರ್ ಮೇಲಿನ ಹವಾ ಸ್ಕ್ರೂ ಸಡಿಲಿಸಿ ಕೈಪಂಪ್ ಹೊಡೆಯಿರಿ, ನೊರೆ ಹೋಗಿ ಗಟ್ಟಿ ಧಾರೆ ಬಂದ ಮೇಲೆ ಪಂಪ್ ಹೊಡೆಯುತ್ತಲೇ ಸ್ಕ್ರೂ ಮುಚ್ಚಿ. ಆಮೇಲೆ ಮೇನ್ ಪಂಪಿನ ಸ್ಕ್ರೂ. ಡಿಪಿಎ ಆದರೆ ಎರಡು ಕಡೆ, ಹೆಡ್ ಪಕ್ಕದ್ದು ಮತ್ತು ಗವರ್ನರ್ ಪೆಟ್ಟಿಗೆಯ ಮೇಲಿನದು. ಕೈಪಂಪಿನ ಗುಂಡಿಯನ್ನು ವಾಪಸ್ ತಿರುವಿ ಬಿಗಿಯುವುದು ಮರೆಯಬೇಡಿ, ಅದೇ ಹವಾದ ಬಾಗಿಲಾಗುತ್ತದೆ. ಕೊನೆಗೆ ನಾಜಲ್ ಕಡೆಯ ನಟ್‌ಗಳನ್ನು 17 ಅಥವಾ 19ರ ಪಾನಾದಿಂದ ಒಂದು ಸುತ್ತು ಸಡಿಲಿಸಿ, ಎಕ್ಸಲೇಟರ್ ಪೂರ್ತಿ ಇಟ್ಟು ಸ್ಟಾರ್ಟರ್ ಹೊಡೆಯಿರಿ. ಒಂದು ಸಲಕ್ಕೆ 10–15 ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು, ಇಲ್ಲವಾದರೆ ಸ್ಟಾರ್ಟರ್ ಸುಡುತ್ತದೆ. ಡೀಸೆಲ್ ಚಿಮ್ಮಿದ ನಟ್ ಬಿಗಿಯುತ್ತಾ ಬನ್ನಿ. ಕೈ ದೂರ ಇರಲಿ. ಪೈಪಿನ ಸಣ್ಣ ಬಿರುಕಿನಿಂದ, ನಾಜಲ್ ತುದಿಯಿಂದ ಬರುವ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮುಳ್ಳು ಚುಚ್ಚಿದಷ್ಟೇ ಗುರುತು ಕಂಡರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಬೆರಳು ಕಳೆದುಕೊಂಡವರಿದ್ದಾರೆ.

ಗಾಡಿ ಚಾಲೂ ಆದ ಮೇಲೆ ಒಂದೊಂದೇ ನಟ್ ಸ್ವಲ್ಪ ಸಡಿಲಿಸಿ ದನಿ ಕೇಳಿ. ದನಿ ಬದಲಾದರೆ ಆ ಸಿಲಿಂಡರ್ ದುಡಿಯುತ್ತಿದೆ. ಬದಲಾಗದಿದ್ದರೆ ಅಲ್ಲಿನ ನಾಜಲ್ ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ರೋಗ ನಾಜಲ್ ಜೊತೆ ಹೋದರೆ ನಾಜಲ್; ಅಲ್ಲೇ ಉಳಿದರೆ ಮೇನ್ ಪಂಪಿನ ಡೆಲಿವರಿ ವಾಲ್ವ್, ಪ್ಲಂಜರ್ ಅಥವಾ ಸಿಲಿಂಡರಿನ ಕಂಪ್ರೆಷನ್. ನಾಜಲ್ ಕೆಳಗಿನ ತಾಮ್ರದ ವಾಷರ್ ಪ್ರತಿ ಸಲ ಹೊಸದೇ, ಹಳೆಯದು ಗೂಡಿನಲ್ಲೇ ಅಂಟಿಕೊಂಡಿದೆಯೇ ನೋಡಿ; ಎರಡು ವಾಷರಿನ ಮೇಲೆ ಕೂತ ನಾಜಲ್ ತಪ್ಪು ಎತ್ತರದಲ್ಲಿ ಚಿಮ್ಮಿಸುತ್ತದೆ.

ಇಷ್ಟಾದ ಮೇಲೆ ಪಂಪ್-ನಾಜಲ್ ಅಂಗಡಿ. ಈ ಸೇವೆಯ ಗುಣ ಊರಿನ ಮೇಲಲ್ಲ, ಬೆಂಚಿನ ಮುಂದೆ ಕೂತವನ ಮೇಲೆ ನಿಂತಿದೆ. ಒಳ್ಳೆಯ ಅಂಗಡಿಯವನು ಪಂಪ್ ತೆಗೆದುಕೊಂಡ ಕೂಡಲೇ ಬಿಚ್ಚುವುದಿಲ್ಲ. ಮೊದಲು ಬೆಂಚಿಗೆ ಹಾಕಿ, ಬಂದ ಸ್ಥಿತಿಯಲ್ಲಿ ಪ್ರತಿ ಸಿಲಿಂಡರಿಗೆ ಎಷ್ಟು ಸಿಸಿ ಬೀಳುತ್ತದೆ ಎಂದು ಗಾಜಿನ ನಳಿಗೆಗಳಲ್ಲಿ ತೋರಿಸುತ್ತಾನೆ. ಕೆಲಸ ಮುಗಿದ ಮೇಲೆ ಅದೇ ಅಳತೆ ಮತ್ತೆ. ಪೂರ್ತಿ ವೇಗದಲ್ಲಿ ಸಿಲಿಂಡರುಗಳ ನಡುವಿನ ಅಂತರ ನೂರಕ್ಕೆ ನಾಲ್ಕೈದು ದಾಟಬಾರದು. ಎರಡೂ ಅಂಕಿ ಚೀಟಿಯಲ್ಲಿ ಬರೆಸಿಕೊಳ್ಳಿ, ಹಳೆ ಪ್ಲಂಜರ್, ವಾಲ್ವ್ ವಾಪಸ್ ಕೇಳಿ. ನಾಜಲ್ ತೆರೆಯುವ ಒತ್ತಡ ಇಂಥ ಹೆಚ್ಚಿನ ಹಳೆ ಗಾಡಿಗಳಲ್ಲಿ 175ರಿಂದ 250 ಬಾರ್ ನಡುವೆ. ನಿಮ್ಮ ಎಂಜಿನ್ನಿನದು ಕೈಪಿಡಿಯಲ್ಲಿದೆ, ಆ ಅಂಕಿ ಬರೆದುಕೊಂಡೇ ಹೋಗಿ. ಎಲ್ಲ ಗಾಡಿಗೂ ಒಂದೇ ಅಂಕಿಗೆ ಹಚ್ಚುವ ಅಂಗಡಿಯಿಂದ ನಾಜಲ್ ವಾಪಸ್ ತನ್ನಿ. "ಸ್ವಲ್ಪ ಡೀಸೆಲ್ ಏರಿಸಿ ಕೊಡ್ತೀನಿ, ಎಳೆತ ಬರತೈತಿ" ಅನ್ನುವ ಮಾತಿಗೂ ಮರುಳಾಗಬೇಡಿ. ಕಬ್ಬಿನ ಟ್ರಾಲಿಗೆ ಎರಡು ದಿನ ಖುಷಿ, ಆಮೇಲೆ ಕರಿ ಹೊಗೆ, ಬಿಸಿ, ಪಿಸ್ಟನ್.

ಪಂಪ್ ಇಳಿಸುವ ಮೊದಲು ಫ್ಲಾಂಜ್ ಮತ್ತು ಎಂಜಿನ್ ಬಾಡಿ ಎರಡಕ್ಕೂ ಅಡ್ಡಲಾಗಿ ಚೂಪಾದ ಗೀಟು ಹಾಕಿ, ಗೇರಿನ ಗುರುತಿನ ಫೋಟೋ ತೆಗೆಯಿರಿ. ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಬಿರಡೆ ಹಾಕಿ, ಅರಿವೆ ತುರುಕಬೇಡಿ. ಗಾಡಿ ಬಿಸಿ ಇರುವಾಗ ತೊಳೆಯಲು ಪಂಪಿನ ಮೇಲೆ ತಣ್ಣೀರು ಹೊಡೆಯಲೇಬೇಡಿ. ಡಿಪಿಎ ಪಂಪಿನ ಹೊರಮೈ ಕುಗ್ಗಿ ಒಳಗಿನ ರೋಟರ್ ಹಿಡಿದುಕೊಳ್ಳುತ್ತದೆ. ವಾಪಸ್ ಕೂರಿಸಿದ ಮೇಲೆ ಸಾಲಿನ ಪಂಪಿನ ಪೆಟ್ಟಿಗೆಗೆ ಆಯಿಲ್ ಹಾಕಿದ್ದಾರೆಯೇ ನೋಡಿ, ಬೆಂಚಿನಿಂದ ಖಾಲಿಯಾಗಿಯೇ ಬಂದಿರುತ್ತದೆ. ಹವಾ ತೆಗೆದು ಒಂದು ತಾಸು ಲೋಡಿನಲ್ಲಿ ಓಡಿಸಿ, ರಾತ್ರಿ ನಿಲ್ಲಿಸಿ. ಅಂಗಡಿಯ ಬಾಕಿ ಸ್ವಲ್ಪ ಉಳಿಸಿಕೊಂಡಿದ್ದರೆ, ಮರುದಿನ ಬೆಳಿಗ್ಗೆ ತಣ್ಣಗಿನ ಗಾಡಿ ಮೂರು-ನಾಲ್ಕು ಸುತ್ತಿಗೆ ಹಿಡಿದ ಮೇಲೆ ಕೊಟ್ಟು ಬನ್ನಿ.